ಒಂದು ಲಾಟ್ ಹುಡುಕಿದ್ರೆ ಇಡೀ ದಿನದ ಲಾಟೆಲ್ಲಾ ಬರ್ತಿದೆ, ಬೈಂಡ್_ಪ್ಯಾರಮ್ (ಡೇಟಾಬೇಸ್‌ಗೆ ಕೇಳೋ ಪ್ರಶ್ನೆಗೆ ವ್ಯಾಲ್ಯೂ ತುಂಬೋ ಪಿಎಚ್‌ಪಿ ಆಜ್ಞೆ) ಗೊತ್ತಿರೋರು ಸ್ವಲ್ಪ ನೋಡಿ

ಮಂಡಿ_ಲೆಕ್ಕ (ಕೋಲಾರ)
ಎಲ್ರಿಗೂ ನಮಸ್ಕಾರ. ಕೋಲಾರ ಎಪಿಎಂಸಿ ಟೊಮೇಟೊ ಮಾರ್ಕೆಟ್‌ನಲ್ಲಿ ನಮ್ಮ ಸೋದರಮಾವಂದು ಮಂಡಿ ಇದೆ, ರೈತರಿಗೆ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಕೊಡೋ ಸಾಫ್ಟ್‌ವೇರ್ ನಾನು ನೋಡ್ಕೊತೀನಿ. ಬರೆದಿದ್ದು ನಾನಲ್ಲ, ಹಿಂದೆ ಒಬ್ರು ಬರೆದುಕೊಟ್ಟು ದುಡ್ಡು ತಗೊಂಡು ಹೋದ್ರು, ಈಗ ಫೋನ್ ಮಾಡಿದ್ರೆ ಎತ್ತಲ್ಲ. ಪ್ರೋಗ್ರಾಂ ಭಾಷೆ ಪಿಎಚ್‌ಪಿ 7.4, ಡೇಟಾಬೇಸ್ ಮೈಎಸ್‌ಕ್ಯುಎಲ್ 5.7, ಎರಡನ್ನೂ ಸೇರಿಸೋ ಕನೆಕ್ಷನ್ ಮೈಎಸ್‌ಕ್ಯುಎಲ್‌ಐ.

ಸಮಸ್ಯೆ ಏನಂದ್ರೆ ಲಾಟ್ ನಂಬರ್ ಹಾಕಿ ಹುಡುಕಿದ್ರೆ ಆ ಒಂದು ಲಾಟ್ ಬರೋ ಬದಲು ಆವತ್ತಿಂದು ಎಲ್ಲಾ ಬಂದು ಬೀಳ್ತಿದೆ. ಕೆ-114 ಅಂತ ಹಾಕ್ತೀನಿ, ಕೆ ಸೀರೀಸ್ ಪೂರ್ತಿ ಎಂ ಸೀರೀಸ್ ಪೂರ್ತಿ ಸ್ಕ್ರೀನ್ ತುಂಬಾ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಅದೇ ಕ್ವೆರಿನ (ಡೇಟಾಬೇಸ್‌ಗೆ ಕೇಳೋ ಪ್ರಶ್ನೆ) ಪಿಎಚ್‌ಪಿಮೈಅಡ್ಮಿನ್‌ನಲ್ಲಿ (ಬ್ರೌಸರ್‌ನಲ್ಲೇ ಡೇಟಾಬೇಸ್ ನೋಡೋ ಸಾಧನ) ಕೈಯಲ್ಲಿ ಟೈಪ್ ಮಾಡಿ ಓಡಿಸಿದ್ರೆ ಸರಿಯಾಗಿ ಒಂದೇ ಸಾಲು ಬರುತ್ತೆ. ರೈತ ಕೌಂಟರ್ ಮುಂದೆ ನಿಂತಿರ್ತಾನೆ, ನಮ್ಮ ಗುಮಾಸ್ತರು ಆ ಉದ್ದ ಲಿಸ್ಟ್‌ನಲ್ಲಿ ಬೆರಳಿಟ್ಕೊಂಡು ಹುಡುಕ್ತಿರ್ತಾರೆ, ನೋಡೋಕಾಗಲ್ಲ.

ಕ್ವೆರಿ ಇಷ್ಟೇ:
ಸೆಲೆಕ್ಟ್ * ಫ್ರಮ್ ಪಟ್ಟಿ ವೇರ್ ಲಾಟ್_ನಂ = ? ಆಂಡ್ ದಿನಾಂಕ = ?

ಪ್ರಶ್ನೆ ಚಿಹ್ನೆ ಅಂದ್ರೆ ವ್ಯಾಲ್ಯೂ ಆಮೇಲೆ ಬಂದು ಕೂರೋ ಖಾಲಿ ಜಾಗ, ಅದನ್ನ ತುಂಬೋದು ಬೈಂಡ್_ಪ್ಯಾರಮ್. ಎರಡು ಪ್ರಶ್ನೆ ಚಿಹ್ನೆ, ಎರಡು ವೇರಿಯಬಲ್, ಲೆಕ್ಕ ಸರಿ ಇದೆ. ಇನ್ನೊಂದು ಹೇಳೋದು ಮರೆತೆ, ಈಚೆಗೆ ಈ ಸರ್ಚ್ ತುಂಬಾ ನಿಧಾನ ಕೂಡ ಆಗಿದೆ, ಲಾಟ್_ನಂ ಕಾಲಂಗೆ ಇಂಡೆಕ್ಸ್ (ಬೇಗ ಹುಡುಕೋಕೆ ಇರೋ ಸೂಚಿ) ಇದ್ರೂ.

ಕೋಟೆ_ಹುಡುಗ
ದಿನಾಂಕದ ಫಾರ್ಮ್ಯಾಟ್ ನೋಡು ಗುರು. ಸ್ಕ್ರೀನಲ್ಲಿ ದಿನ-ತಿಂಗಳು-ವರ್ಷ ಇರುತ್ತೆ, ಡೇಟಾಬೇಸ್‌ಗೆ ವರ್ಷ-ತಿಂಗಳು-ದಿನ ಬೇಕು. ನೂರಕ್ಕೆ ನೂರು ಅದೇ.

ಮಂಡಿ_ಲೆಕ್ಕ (ಕೋಲಾರ)
ದಿನಾಂಕ ಸರಿಯಾಗೇ ಕೆಲಸ ಮಾಡ್ತಿದೆ ಅಣ್ಣ, ಆವತ್ತಿನ ದಿನದ್ದು ಮಾತ್ರ ಬರ್ತಿದೆ, ಬೇರೆ ದಿನದ್ದು ಬರ್ತಿಲ್ಲ. ಲಾಟ್ ಒಂದೇ ಕೇಳ್ತಿಲ್ಲ ಮಾತು.

ಕೋಟೆ_ಹುಡುಗ
ಹಂಗಾದ್ರೆ ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ನೋಡು

ಸೆಮಿಕೋಲನ್
ಕ್ಯಾಶ್ ಕ್ಲಿಯರ್ ಮಾಡಿ, ಸಿಸ್ಟಂ ರೀಸ್ಟಾರ್ಟ್ ಮಾಡಿ, ಆಮೇಲೆ ಕೋಲಾರಮ್ಮಂಗೆ ಹರಕೆ ಹೊತ್ಕೊಳಿ 🙏 ಅಲ್ಲ ಸ್ವಾಮಿ, ಅವ್ರು ಕೋಡೇ ಹಾಕಿಲ್ಲ ನೀವು ಔಷಧಿ ಬರೀತಿದೀರಾ. ಮಂಡಿ ಅವ್ರೇ, ಬೈಂಡ್_ಪ್ಯಾರಮ್ ಇರೋ ಸಾಲು ಇದ್ದಂಗೇ ಹಾಕಿ, ಮೊದಲನೇ ಆರ್ಗ್ಯುಮೆಂಟ್ ಸಮೇತ. ಲಾಟ್_ನಂ ಕಾಲಂ ಟೈಪ್ ಏನು ಅನ್ನೋದನ್ನೂ ಹೇಳಿ.

ಬಂಗಾರಪೇಟೆ_ಲೋಕಲ್
ಇಷ್ಟಕ್ಕೆಲ್ಲಾ ಪ್ರಿಪೇರ್ ಗಿಪೇರ್ ಯಾಕಣ್ಣ, ಸೀದಾ ಕ್ವೆರಿ ಒಳಗೆ ವೇರಿಯಬಲ್ ಅಂಟ್ಸು, ಎರಡು ಕಡೆ ಕೋಟ್ ಹಾಕು, ಮುಗೀತು. ಮಂಡಿ ಒಳಗಿರೋ ಕಂಪ್ಯೂಟರ್‌ನ ಯಾವನು ಬಂದು ಹ್ಯಾಕ್ ಮಾಡ್ತಾನೆ? ಟೊಮೇಟೊ ಕದಿಯೋರು ಇದಾರೆ, ಡೇಟಾ ಕದಿಯೋರು ಇಲ್ಲ ನಮ್ಮೂರಲ್ಲಿ.

ಪೈಥಾನಮ್ಮ
@ಬಂಗಾರಪೇಟೆ_ಲೋಕಲ್ ಹ್ಯಾಕರ್ ಬರೋದೇ ಬೇಡಪ್ಪ. ಮಾಲೂರು ಕಡೆಯಿಂದ ಡಿ'ಸೋಜಾ ಅಂತ ಒಬ್ಬ ವ್ಯಾಪಾರಿ ಬರ್ಲಿ ಸಾಕು, ಅವರ ಹೆಸರಿನ ಮಧ್ಯ ಇರೋ ಆ ಸಿಂಗಲ್ ಕೋಟ್ ನಿನ್ನ ಕ್ವೆರಿನ ಅಲ್ಲೇ ಮುರಿದು ಹಾಕುತ್ತೆ. ಹಂಗೇ ಸರ್ಚ್ ಡಬ್ಬದಲ್ಲಿ ಯಾರಾದ್ರೂ ಒಂದು ಕೋಟ್ ಹಾಕಿ ಪಕ್ಕದಲ್ಲಿ ಆರ್ 1=1 ಅಂತ ಬರೆದ್ರೆ ಆವಾಗ್ಲೂ ಇದೇ ಥರ ಎಲ್ಲಾ ಸಾಲು ಬರುತ್ತೆ, ಅದಕ್ಕೇ ಇಂಜೆಕ್ಷನ್ ಅನ್ನೋದು. ಪ್ರಿಪೇರ್ ಮಾಡಿದಾಗ ಕ್ವೆರಿ ಒಂದು ದಾರಿಲಿ ಹೋಗುತ್ತೆ, ಬೆಲೆಗಳು (ನೀನು ತುಂಬೋ ವ್ಯಾಲ್ಯೂಗಳು, ರೇಟ್ ಅಲ್ಲ) ಇನ್ನೊಂದು ದಾರಿಲಿ ಹೋಗ್ತವೆ, ನೀನು ಕೊಟ್ಟ ಬೆಲೆನ ಡೇಟಾಬೇಸು ಯಾವತ್ತೂ ಕ್ವೆರಿ ಅಂತ ಓದಲ್ಲ.

ಬಂಗಾರಪೇಟೆ_ಲೋಕಲ್
ಸರಿ ಅಕ್ಕ, ಡಿ'ಸೋಜಾ ಪಾಯಿಂಟ್ ಒಪ್ಕೊಂಡೆ. ಹ್ಯಾಕರ್ ಪಾಯಿಂಟ್ ಒಪ್ಪಲ್ಲ 😄

ಮಂಡಿ_ಲೆಕ್ಕ (ಕೋಲಾರ)
@ಸೆಮಿಕೋಲನ್ ಸಾಲು ಹಿಂಗಿದೆ: ಬೈಂಡ್_ಪ್ಯಾರಮ್("ಐಎಸ್", ಲಾಟ್, ದಿನಾಂಕ). ಲಾಟ್_ನಂ ಕಾಲಂ ವಾರ್‌ಕ್ಯಾರ್ 20 (20 ಅಕ್ಷರದವರೆಗಿನ ಪಠ್ಯ). ಮೊದ್ಲು ಲಾಟ್ ಬರೀ ಅಂಕಿ ಇತ್ತು, 1, 2, 3 ಅಂತ. ಆಮೇಲೆ ಪಕ್ಕದ ಜಾಗಾನೂ ಬಾಡಿಗೆಗೆ ತಗೊಂಡ್ರು ಮಾವ, ಎರಡು ಕಡೆ ಒಂದೇ ನಂಬರ್ ಬಂದು ಗಲಾಟೆ ಆಗ್ತಿತ್ತು ಅಂತ ಈ ಕಡೆಗೆ ಕೆ, ಆ ಕಡೆಗೆ ಎಂ ಅಂತ ಮುಂದೆ ಅಕ್ಷರ ಸೇರಿಸಿದ್ರು. ಈ ಕಾಟ ಶುರುವಾಗಿದ್ದು ಹೆಚ್ಚೂಕಮ್ಮಿ ಆಮೇಲೇನೇ.

ಸೆಮಿಕೋಲನ್
ಸಿಕ್ತು. ಆ "ಐ" ತೆಗೆದು "ಎಸ್" ಮಾಡಿ, ಐ ಅಂದ್ರೆ ಪೂರ್ಣಾಂಕ (ಇಂಟಿಜರ್), ಎಸ್ ಅಂದ್ರೆ ಪಠ್ಯ (ಸ್ಟ್ರಿಂಗ್). "ಎಸ್‌ಎಸ್".

ಕೋಟೆ_ಹುಡುಗ
ಇಲ್ಲ ಬ್ರೋ ಒಪ್ಪಲ್ಲ. ಐ ಅಂದ್ರೆ ಇಂಟಿಜರ್, ಸರಿ. ಕೆ-114ನ ಇಂಟಿಜರ್ ಮಾಡಿದ್ರೆ ಸೊನ್ನೆ. ಸೊನ್ನೆ ನಂಬರಿನ ಲಾಟೇ ಇಲ್ಲ ಅಂದ್ಮೇಲೆ ಖಾಲಿ ಬರ್ಬೇಕು, ಒಂದೂ ಸಾಲು ಬರ್ಬಾರ್ದು. ಎಲ್ಲಾ ಹೆಂಗೆ ಬರುತ್ತೆ? ಬೇರೆ ಏನೋ ಇದೆ, ಬಹುಶಃ ಆಂಡ್ ಇರೋ ಕಡೆ ಆರ್ ಇದೆ.

ಸೆಮಿಕೋಲನ್
ಅರ್ಧ ಸರಿ ಹೇಳಿದೀರಾ. ಸೊನ್ನೆ ಆಗೋದು ನಿಜ, ಪಿಎಚ್‌ಪಿ ಅಲ್ಲಿ ಬಾಯೇ ಬಿಡಲ್ಲ, ಸುಮ್ನೆ ಸೊನ್ನೆ ಮಾಡಿ ಕಳಿಸುತ್ತೆ. ಅರ್ಧ ಕಥೆ ಆ ಕಡೆ ಇರೋದು. ಮೈಎಸ್‌ಕ್ಯುಎಲ್‌ಗೆ ಈಗ ಒಂದು ಕಡೆ ವಾರ್‌ಕ್ಯಾರ್ ಕಾಲಂ, ಇನ್ನೊಂದು ಕಡೆ ಅಂಕಿ. ಅದು ಎರಡನ್ನೂ ಅಂಕಿ ಮಾಡ್ಕೊಂಡು ಹೋಲಿಸುತ್ತೆ. ಅಂದ್ರೆ ಕಾಲಂನಲ್ಲಿರೋ ಕೆ-114 ಕೂಡ ಸೊನ್ನೆ, ಕೆ-115 ಸೊನ್ನೆ, ಎಂ-3 ಸೊನ್ನೆ. ಅಕ್ಷರದಿಂದ ಶುರುವಾಗೋ ಪ್ರತಿಯೊಂದೂ ಸೊನ್ನೆ. ಸೊನ್ನೆ = ಸೊನ್ನೆ, ಎಲ್ಲಾ ಹೊಂದುತ್ತೆ, ಎಲ್ಲಾ ಬರುತ್ತೆ.

ಡೌಟಿದ್ರೆ ಈಗ್ಲೇ ಕನ್ಸೋಲ್‌ನಲ್ಲಿ ಸೆಲೆಕ್ಟ್ 'ಟೊಮೇಟೊ' = 0 ಅಂತ ಹೊಡೀರಿ. 1 ಅಂತ ಉತ್ತರ ಬರುತ್ತೆ. ಅಂದ್ರೆ ನಿಜ ಅಂತ.

ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಯಾಕೆ ಸರಿ ಬರ್ತಿತ್ತು ಅಂದ್ರೆ ಅಲ್ಲಿ ಕೈಯಲ್ಲಿ ಟೈಪ್ ಮಾಡುವಾಗ ಕೋಟ್ ಒಳಗೆ 'ಕೆ-114' ಅಂತ ಹಾಕಿರ್ತೀರ, ಅದು ಸ್ಟ್ರಿಂಗು. ಆ ಕ್ವೆರಿನೂ ಪ್ರೋಗ್ರಾಂ ಕಳಿಸೋ ಕ್ವೆರಿನೂ ಒಂದೇ ಅಲ್ಲ.

ಕೋಟೆ_ಹುಡುಗ
ಹೊಡೆದೆ. 1 ಬಂತು. ಏನಪ್ಪಾ ಇದು 😐

ಹಳೇ_ಜಾವಾ
ಇದಕ್ಕೇ ನಾನು ಪಿಎಚ್‌ಪಿ ಹತ್ರ ಹೋಗಲ್ಲ. ಜಾವಾದಲ್ಲಿ ಸೆಟ್‌ಇಂಟ್‌ಗೆ (ಇಂಟಿಜರ್ ತುಂಬೋ ಆಜ್ಞೆ) ಸ್ಟ್ರಿಂಗ್ ಕೊಟ್ರೆ ಕಂಪೈಲೇ ಆಗಲ್ಲ, ಮನೆ ಬಾಗಿಲು ದಾಟೋಕೆ ಮುಂಚೆನೇ ಗೊತ್ತಾಗುತ್ತೆ.

ಸೆಮಿಕೋಲನ್
ಸಾರ್, ಅದೇ ಜಾವಾದಲ್ಲಿ ಸ್ಥಾನ 1ರಿಂದ ಶುರು ಅನ್ನೋದು ಗೊತ್ತಿಲ್ದೆ 0 ಕೊಟ್ಟು, ಪ್ಯಾರಾಮೀಟರ್ ಇಂಡೆಕ್ಸ್ ಔಟ್ ಆಫ್ ರೇಂಜ್ ಅಂತ ಎಕ್ಸೆಪ್ಶನ್ ತಗೊಂಡು ಬರೋ ಹುಡುಗರು ನನಗೆ ವರ್ಷಾವರ್ಷ ಸಿಗ್ತಾರೆ. ಅರೇ ಎಲ್ಲಾ 0ಯಿಂದ, ಇದೊಂದು 1ರಿಂದ. ಎಲ್ಲರ ಮನೆ ದೋಸೆನೂ ತೂತೇ.

ಮುಳಬಾಗಿಲು_ಮಂದಿ
ದೋಸೆ ವಿಷಯಕ್ಕೆ ಬರ್ಬೇಡಿ, ಮುಳಬಾಗಿಲು ದೋಸೆ ತೂತಾದ್ರೂ ರುಚಿ ಕಮ್ಮಿ ಆಗಲ್ಲ

ಹಳೇ_ಜಾವಾ
0-1ರ ವಿಷಯ ನಿಜ. ಆದ್ರೆ ಅಲ್ಲಿ ಎಕ್ಸೆಪ್ಶನ್ ಆದ್ರೂ ಬರುತ್ತಲ್ಲ, ಇಲ್ಲಿ ತಪ್ಪು ಉತ್ತರ ಕೊಟ್ಟು ನಗ್ತಾ ನಿಂತ್ಕೊಳುತ್ತೆ. ಪೋಸ್ಟ್‌ಗ್ರೆಸ್ (ಇನ್ನೊಂದು ಡೇಟಾಬೇಸ್) ಆಗಿದ್ರೆ ವಾರ್‌ಕ್ಯಾರ್ ಕಾಲಂಗೂ ಇಂಟಿಜರ್‌ಗೂ ಸಮ ಚಿಹ್ನೆ ಹಾಕೋಕೇ ಬಿಡ್ತಿರಲಿಲ್ಲ, ಆಪರೇಟರ್ ಡಸ್ ನಾಟ್ ಎಕ್ಸಿಸ್ಟ್ ಅಂತ ಮುಖಕ್ಕೆ ಹೇಳುತ್ತೆ.

ಚಿಂತಾಮಣಿ_ಕೋಡರ್
ತಮಾಷೆ ಏನ್ ಗೊತ್ತಾ, ಪಿಎಚ್‌ಪಿ ಒಳಗೂ ಇದೇ ಹುಚ್ಚು ಇತ್ತು, 0 == "ಟೊಮೇಟೊ" ಅಂದ್ರೆ ನಿಜ ಅಂತಿತ್ತು. 2020ರಲ್ಲಿ ಬಂದ ಪಿಎಚ್‌ಪಿ 8.0ನಲ್ಲಿ ಸರಿ ಮಾಡಿದ್ರು. ಮೈಎಸ್‌ಕ್ಯುಎಲ್ ಇವತ್ತಿಗೂ ಹಂಗೇ ಇದೆ. ಮಂಡಿ ಅಣ್ಣ, ನಿಮ್ಮ 7.4ಗೆ 2022ರ ನವೆಂಬರ್‌ನಿಂದ ಸೆಕ್ಯುರಿಟಿ ಅಪ್‌ಡೇಟೂ ನಿಂತೋಗಿದೆ, ಮೊದ್ಲು 8ಕ್ಕೆ ಹೋಗಿ, ಈ ಪ್ರಾಬ್ಲಮ್ಮೇ ಇರಲ್ಲ.

ಸೆಮಿಕೋಲನ್
8ಕ್ಕೆ ಹೋಗ್ಬೇಕು, ಅದು ಬೇರೆ ಮಾತು. ಆದ್ರೆ ಈ ಪ್ರಾಬ್ಲಂ ಅದರಿಂದ ಹೋಗಲ್ಲ. ನೀವು ಹೇಳ್ತಿರೋದು ಪಿಎಚ್‌ಪಿಯ ಹೋಲಿಕೆ. ಇಲ್ಲಿ ಹೋಲಿಕೆ ಆಗ್ತಿರೋದು ಡೇಟಾಬೇಸ್ ಒಳಗೆ. "ಐ" ಅಂತ ಬರೆದ್ರೆ 8ರಲ್ಲೂ ಅದು ಇಂಟಿಜರ್ ಮಾಡೇ ಕಳಿಸುತ್ತೆ, ಯಾಕಂದ್ರೆ ಹಾಗೆ ಮಾಡು ಅಂತ ನೀವೇ ಹೇಳಿದೀರಾ.

ಮಂಡಿ_ಲೆಕ್ಕ (ಕೋಲಾರ)
ಎಲ್ರೂ ಒಂದ್ನಿಮಿಷ. ಇದನ್ನ ಕಣ್ಣಾರೆ ನೋಡೋ ದಾರಿ ಇದೆಯಾ? ಬದಲಾಯಿಸಿದ್ರೆ ಸರಿ ಹೋಗ್ಬೋದು, ಆದ್ರೆ ಡೇಟಾಬೇಸ್‌ಗೆ ನಿಜವಾಗ್ಲೂ ಸೊನ್ನೆನೇ ಹೋಗ್ತಿತ್ತಾ ಅನ್ನೋದು ನೋಡ್ಬೇಕು ನಂಗೆ. ಇಲ್ಲಾಂದ್ರೆ ಮಾವಂಗೆ ಏನಂತ ಹೇಳ್ಲಿ, "ಐ ತೆಗೆದು ಎಸ್ ಹಾಕ್ದೆ" ಅಂದ್ರೆ ಇಷ್ಟಕ್ಕಾ ಇಷ್ಟು ದಿನ ಅಂತಾರೆ.

ಪೈಥಾನಮ್ಮ
ಒಳ್ಳೆ ಪ್ರಶ್ನೆ, ಎಲ್ರೂ ಹಿಂಗೇ ಕೇಳ್ಬೇಕು. ಜನರಲ್ ಲಾಗ್ (ಡೇಟಾಬೇಸ್‌ಗೆ ಬಂದ ಪ್ರತಿ ಕ್ವೆರಿನೂ ಬರೆದಿಡೋ ಫೈಲ್) ಆನ್ ಮಾಡಿ. ರೂಟ್ ಯೂಸರ್‌ನಲ್ಲಿ ಸೆಟ್ ಗ್ಲೋಬಲ್ ಜನರಲ್_ಲಾಗ್ = 'ಆನ್'. ಫೈಲ್ ಎಲ್ಲಿದೆ ಅನ್ನೋದು ಜನರಲ್_ಲಾಗ್_ಫೈಲ್ ಅನ್ನೋ ವೇರಿಯಬಲ್ ಹೇಳುತ್ತೆ. ಆಮೇಲೆ ಒಂದೇ ಒಂದು ಸಲ ಸರ್ಚ್ ಬಟನ್ ಒತ್ತಿ, ಫೈಲ್ ತೆಗೆದು ಕೆಳಗಿನ ಸಾಲು ನೋಡಿ. ಪ್ರಿಪೇರ್ ಅಂತ ಒಂದು ಸಾಲು ಇರುತ್ತೆ, ಅದರಲ್ಲಿ ಪ್ರಶ್ನೆ ಚಿಹ್ನೆಗಳು ಹಂಗೇ ಇರ್ತವೆ. ಅದರ ಕೆಳಗೆ ಎಕ್ಸಿಕ್ಯೂಟ್ ಅಂತ ಇನ್ನೊಂದು ಸಾಲು, ಅದರಲ್ಲಿ ಪ್ರಶ್ನೆ ಚಿಹ್ನೆ ಜಾಗದಲ್ಲಿ ನಿಜವಾಗಿ ಬಂದಿದ್ದ ಬೆಲೆ ಕೂತಿರುತ್ತೆ. ಆ ಎರಡನೇ ಸಾಲು ನೋಡಿದ್ರೆ ವಾದಾನೇ ಬೇಕಾಗಿಲ್ಲ.

ಕೆಲಸ ಮುಗಿದ ತಕ್ಷಣ ಆಫ್ ಮಾಡಿ. ಮರೆತು ಬಿಟ್ರೆ ಪ್ರತಿ ಕ್ವೆರಿನೂ ಬರ್ಕೊಂಡು ಬರ್ಕೊಂಡು ಡಿಸ್ಕ್ ತುಂಬ್ಸುತ್ತೆ, ರೈತರ ಫೋನ್ ನಂಬರ್ ಎಲ್ಲಾ ಆ ಫೈಲಲ್ಲಿ ಬಿಚ್ಚಿಟ್ಟಂಗೆ ಇರುತ್ತೆ.

ಮಂಡಿ_ಲೆಕ್ಕ (ಕೋಲಾರ)
ನೋಡ್ದೆ ಅಕ್ಕ. ಎಕ್ಸಿಕ್ಯೂಟ್ ಸಾಲಲ್ಲಿ ವೇರ್ ಲಾಟ್_ನಂ = 0 ಅಂತ ಅಚ್ಚುಕಟ್ಟಾಗಿ ಕೂತಿದೆ, ದಿನಾಂಕ ಮಾತ್ರ ಕೋಟ್ ಒಳಗಿದೆ. ಹಳೇ ತಾರೀಕು ಹಾಕಿ ಬರೀ ಅಂಕಿಯ ಲಾಟ್ 114 ಹುಡುಕಿದ್ರೆ = 114 ಅಂತ ಬಂತು, ಒಂದೇ ಸಾಲು ಬಂತು. ಅದಕ್ಕೇ ಇಷ್ಟು ವರ್ಷ ಯಾರಿಗೂ ಗೊತ್ತಾಗಿಲ್ಲ! ಎಸ್‌ಎಸ್ ಮಾಡಿದೆ, ಕೆ-114 ಒಂದೇ ಬರ್ತಿದೆ. ಮತ್ತೆ ಸ್ಪೀಡ್ ಕೂಡ ಬಂದ್ಬಿಟ್ಟಿದೆ, ಅದು ಯಾಕೆ?

ಸೆಮಿಕೋಲನ್
ಅದೂ ಇದರದ್ದೇ ಮರಿ. ಸ್ಟ್ರಿಂಗ್ ಕಾಲಂನ ಅಂಕಿ ಜೊತೆ ಹೋಲಿಸುವಾಗ ಇಂಡೆಕ್ಸ್ ಉಪಯೋಗಕ್ಕೆ ಬರಲ್ಲ. '114', ' 114', '114ಎ' ಮೂರೂ ಅಂಕಿ ಮಾಡಿದ್ರೆ 114 ಆಗ್ತವೆ, ಇಂಡೆಕ್ಸ್‌ನಲ್ಲಿ ಮೂರೂ ಬೇರೆ ಬೇರೆ ಕಡೆ ಇರ್ತವೆ, ಆದ್ರಿಂದ ಪಾಪ ಅದು ಪ್ರತಿ ಸಾಲೂ ತೆಗೆದು ಅಂಕಿ ಮಾಡಿ ನೋಡ್ಬೇಕು. ನಿಮ್ಮ ಟೇಬಲ್ ದೊಡ್ಡದಾಗ್ತಾ ಆಗ್ತಾ ನಿಧಾನ ಆಗ್ತಾ ಬಂದಿದೆ. ಉಲ್ಟಾ ಕಡೆ ಈ ಕಾಟ ಇಲ್ಲ, ಇಂಟಿಜರ್ ಕಾಲಂಗೆ "ಎಸ್" ಅಂತ ಬೈಂಡ್ ಮಾಡಿದ್ರೆ ಕೊಟ್ಟ ಒಂದು ಬೆಲೆ ಮಾತ್ರ ಅಂಕಿ ಆಗುತ್ತೆ, ಇಂಡೆಕ್ಸ್ ಆರಾಮಾಗಿ ಸಿಗುತ್ತೆ. ಅದಕ್ಕೇ ನಾನು ಡೌಟ್ ಇದ್ರೆ ಎಲ್ಲಾ "ಎಸ್" ಹಾಕಿ ಅನ್ನೋದು.

ಹಳೇ_ಜಾವಾ
ಎಲ್ಲಾ ಎಸ್ ಅನ್ನೋದು ಸೋಮಾರಿತನ. ಅಂಕಿಗೆ ಅಂಕಿ, ಅಕ್ಷರಕ್ಕೆ ಅಕ್ಷರ.

ಸೆಮಿಕೋಲನ್
ರೇಟ್‌ಗೆ ಏನ್ ಹಾಕ್ತೀರಾ ಸಾರ್? "ಡಿ" ಹಾಕಿದ್ರೆ ಡಬಲ್, ತೇಲುವ ಬಿಂದು (ದಶಾಂಶನ ಸರಿಸುಮಾರಾಗಿ ಇಡೋದು). ಕಾಲಂ ಡೆಸಿಮಲ್ ಇದ್ರೆ "ಎಸ್" ಕೊಡೋದೇ ಸರಿ, ಪೈಸೆ ಅಲ್ಲಾಡಲ್ಲ. ಪಿಎಚ್‌ಪಿ 8.1ರಿಂದ ಎಕ್ಸಿಕ್ಯೂಟ್‌ಗೇ ಸೀದಾ ಅರೇ ಕೊಡಬಹುದು, ಅಲ್ಲಿ ಎಲ್ಲಾನೂ ಸ್ಟ್ರಿಂಗ್ ಆಗೇ ಹೋಗುತ್ತೆ, 8.2ರಲ್ಲಿ ಎಕ್ಸಿಕ್ಯೂಟ್_ಕ್ವೆರಿ ಅಂತ ಬಂದು ಪ್ರಿಪೇರ್, ಬೈಂಡ್, ಎಕ್ಸಿಕ್ಯೂಟ್ ಮೂರೂ ಒಂದೇ ಸಾಲು. ಭಾಷೆ ಮಾಡಿದೋರೇ ಆ ದಾರಿ ಹಿಡಿದಿದಾರೆ.

ಹಳೇ_ಜಾವಾ
ದುಡ್ಡಿನ ವಿಷಯದಲ್ಲಿ ಒಪ್ಪಿದೆ. ಬಾಕಿದು ಒಪ್ಪಲ್ಲ.

ಪೈಥಾನಮ್ಮ
ಅದೆಲ್ಲಾ ಇರ್ಲಿ, ಮುಖ್ಯವಾದ್ದು ಯಾರೂ ಕೇಳ್ಲಿಲ್ಲ. @ಮಂಡಿ_ಲೆಕ್ಕ ಸೆಲೆಕ್ಟ್‌ನಲ್ಲಿ ಎಲ್ಲಾ ಬಂದ್ರೆ ಕಣ್ಣಿಗೆ ಕಾಣ್ಸುತ್ತೆ ಅಷ್ಟೇ. ಇದೇ "ಐ" ಯಾವುದಾದ್ರೂ ಅಪ್‌ಡೇಟಲ್ಲೋ ಡಿಲೀಟಲ್ಲೋ ಇದೆಯಾ? ಈಗ್ಲೇ ಹುಡುಕಿ, ಟೀ ಆಮೇಲೆ ಕುಡೀರಿ.

ಮಂಡಿ_ಲೆಕ್ಕ (ಕೋಲಾರ)
ಅಕ್ಕ ಕೈಕಾಲು ತಣ್ಣಗಾಯ್ತು. ಹಣ ಕೊಟ್ಟಾಯ್ತು ಅಂತ ಗುರುತು ಮಾಡೋ ಅಪ್‌ಡೇಟ್ ಪಟ್ಟಿ ಐಡಿ ಮೇಲಿದೆ, ಅದು ಸರಿ. ಆದ್ರೆ ಲಾಟ್ ಕ್ಯಾನ್ಸಲ್ ಮಾಡೋ ಬಟನ್ ಇದೆ, ಅದರಲ್ಲಿ ಡಿಲೀಟ್ ಫ್ರಮ್ ಪಟ್ಟಿ ವೇರ್ ಲಾಟ್_ನಂ = ? ಆಂಡ್ ದಿನಾಂಕ = ?, ಅಲ್ಲೂ "ಐಎಸ್". ಗುಮಾಸ್ತರನ್ನ ಕೇಳಿದೆ, "ಅದು ಒತ್ತಿದ್ರೆ ಕೆಂಪಗೆ ಏನೋ ಬರುತ್ತೆ, ಕೆಲಸ ಮಾಡಲ್ಲ, ನಾವು ಪುಸ್ತಕದಲ್ಲಿ ಹೊಡೆದಾಕ್ತೀವಿ" ಅಂದ್ರು. ಒತ್ತಿಸಿ ನೋಡ್ದೆ, ಟೆಸ್ಟ್ ಕಾಪಿಯಲ್ಲಿ. ಟ್ರಂಕೇಟೆಡ್ ಇನ್‌ಕರೆಕ್ಟ್ ಡಬಲ್ ವ್ಯಾಲ್ಯೂ: 'ಕೆ-1' ಅಂತ ಬರ್ತಿದೆ.

ಪೈಥಾನಮ್ಮ
ಆ ಕೆಂಪು ಅಕ್ಷರಕ್ಕೆ ಒಂದು ನಮಸ್ಕಾರ ಹಾಕಿ. ಅದು 1292ನೇ ನಂಬರ್ ಎರರ್. ಮೈಎಸ್‌ಕ್ಯುಎಲ್ 5.7ರಿಂದ ಸ್ಟ್ರಿಕ್ಟ್ ಮೋಡ್ (ತಪ್ಪು ವ್ಯಾಲ್ಯೂ ಬಂದ್ರೆ ತಡೆಯೋ ಸೆಟ್ಟಿಂಗ್, ಎಸ್‌ಕ್ಯುಎಲ್_ಮೋಡ್ ಒಳಗೆ ಇರೋದು) ತಾನಾಗೇ ಆನ್ ಇರುತ್ತೆ, ಸೆಲೆಕ್ಟ್‌ನಲ್ಲಿ ಬರೀ ವಾರ್ನಿಂಗ್ ಆಗಿ ನುಂಗಿಹೋಗೋದು ಅಪ್‌ಡೇಟ್ ಡಿಲೀಟ್‌ನಲ್ಲಿ ಎರರ್ ಆಗಿ ನಿಲ್ಲುತ್ತೆ. ಯಾರಾದ್ರೂ ಬುದ್ಧಿವಂತರು ಎರರ್ ಕಿರಿಕಿರಿ ಅಂತ ಎಸ್‌ಕ್ಯುಎಲ್_ಮೋಡ್ ಖಾಲಿ ಮಾಡಿದ್ದಿದ್ರೆ ಒಂದು ಲಾಟ್ ಕ್ಯಾನ್ಸಲ್ ಒತ್ತಿದ ಕ್ಷಣ ಆವತ್ತಿನ ಪಟ್ಟಿ ಪೂರ್ತಿ ಅಳಿಸಿ ಹೋಗ್ತಿತ್ತು. ಬೈಂಡಿಂಗ್ ಸರಿ ಮಾಡಿ, ಮೋಡ್ ಮುಟ್ಟಬೇಡಿ.

ಬಂಗಾರಪೇಟೆ_ಲೋಕಲ್
ಅಯ್ಯಪ್ಪಾ. 2023ರ ಜುಲೈಲಿ ಹಿಂಗಾಗಿದ್ರೆ? ಆವಾಗ 15 ಕೆಜಿ ಬಾಕ್ಸು 2000 ದಾಟಿತ್ತು, ಒಂದು ದಿನದ ಲೆಕ್ಕ ಅಳಿಸಿದ್ರೆ ಮಂಡಿ ಮುಂದೆ ಟೆಂಪೋ ಅಡ್ಡ ನಿಲ್ಸಿರೋರು ರೈತರು.

ಮುಳಬಾಗಿಲು_ಮಂದಿ
ಇವತ್ತೆಷ್ಟು ಬಾಕ್ಸು?

ಮಂಡಿ_ಲೆಕ್ಕ (ಕೋಲಾರ)
ಕೇಳ್ಬೇಡಿ ಅಣ್ಣ. ಕೂಲಿ, ಬಾಡಿಗೆ ಕಳೆದ್ರೆ ಕೆಲವ್ರಿಗೆ ಡೀಸೆಲ್ ದುಡ್ಡೂ ಹುಟ್ಟಿಲ್ಲ.

ತುಮಕೂರು_ಫೈನಲ್ಇಯರ್
ಸಾರ್ ನಾನು ಕಾಲೇಜ್ ಪ್ರಾಜೆಕ್ಟ್ ಮಾಡ್ತಿದೀನಿ, ಇಲ್ಲೇ ಕೇಳ್ಬಹುದಾ? ಚೆಕ್‌ಬಾಕ್ಸ್‌ನಲ್ಲಿ ಮೂರು ನಾಲ್ಕು ಸ್ಟೂಡೆಂಟ್ ಸೆಲೆಕ್ಟ್ ಮಾಡಿ ಪ್ರಿಂಟ್ ಕೊಟ್ರೆ ಮೊದಲನೇ ಸ್ಟೂಡೆಂಟ್ ಒಬ್ರೇ ಬರ್ತಾರೆ. ವೇರ್ ಐಡಿ ಇನ್ (?) ಅಂತ ಬರೆದು, ಐಡಿಗಳನ್ನ ಕಾಮಾ ಹಾಕಿ ಸೇರಿಸಿ '12,15,19' ಅಂತ ಬೈಂಡ್ ಮಾಡಿದೀನಿ. ಎರರ್ ಇಲ್ಲ. ನಮ್ಮ ಲೆಕ್ಚರರ್ ಲೂಪ್ ತಪ್ಪಿದೆ ಅಂತಾರೆ.

ಸೆಮಿಕೋಲನ್
ಲೂಪ್ ಪಾಪ ಏನೂ ಮಾಡಿಲ್ಲ. ಒಂದು ಪ್ರಶ್ನೆ ಚಿಹ್ನೆಗೆ ಒಂದೇ ಬೆಲೆ. ನೀನು ಕೊಟ್ಟಿದ್ದು ಮೂರು ಐಡಿ ಅಲ್ಲ, ಒಂದು ಸ್ಟ್ರಿಂಗು. ಐಡಿ ಇಂಟಿಜರ್ ಕಾಲಂ, ಆ ಸ್ಟ್ರಿಂಗ್‌ನ ಅಂಕಿ ಮಾಡುವಾಗ 12 ಓದಿ ಕಾಮಾ ಸಿಕ್ಕ ತಕ್ಷಣ ನಿಲ್ಸುತ್ತೆ. ಮೇಲಿನ ಕಥೆನೇ, ಬೇರೆ ವೇಷ. ಎಷ್ಟು ಐಡಿ ಇದಾವೋ ಅಷ್ಟು ಪ್ರಶ್ನೆ ಚಿಹ್ನೆ ಮಾಡ್ಕೊಂಡು, ಇನ್ (?, ?, ?), ಅರೇನ ಬಿಡಿಬಿಡಿಯಾಗಿ ಬೈಂಡ್ ಮಾಡು. ಒಂದೂ ಸೆಲೆಕ್ಟ್ ಮಾಡ್ದೇ ಇದ್ರೆ ಇನ್ () ಅಂತ ಖಾಲಿ ಬ್ರ್ಯಾಕೆಟ್ ಆಗಿ ಸಿಂಟ್ಯಾಕ್ಸ್ ಎರರ್ ಬರುತ್ತೆ, ಅದನ್ನ ಮೊದ್ಲೇ ತಡಿ.

ತುಮಕೂರು_ಫೈನಲ್ಇಯರ್
ಸೂಪರ್ ಸಾರ್ ಬಂತು!! ಇನ್ನೊಂದು, ಹೆಡಿಂಗ್ ಕ್ಲಿಕ್ ಮಾಡಿದ್ರೆ ಸಾರ್ಟ್ ಆಗ್ಲಿ ಅಂತ ಆರ್ಡರ್ ಬೈ ? ಹಾಕಿ ಕಾಲಂ ಹೆಸರು ಬೈಂಡ್ ಮಾಡಿದೆ, ಸಾರ್ಟೇ ಆಗ್ತಿಲ್ಲ, ಎರರೂ ಇಲ್ಲ

ಪೈಥಾನಮ್ಮ
ಆಗಲ್ಲ ಕಣೋ. ಮಂಡಿ ಪಟ್ಟಿ ಪುಸ್ತಕ ನೋಡಿದೀಯಾ, ಅಚ್ಚಾಗಿ ಬಂದಿರುತ್ತೆ, ನೀನು ತುಂಬೋದು ಖಾಲಿ ಬಿಟ್ಟಿರೋ ಜಾಗ ಮಾತ್ರ, ಮೇಲಿನ ಹೆಡಿಂಗ್ ತಿದ್ದೋಕಾಗಲ್ಲ. ಇದೂ ಅಷ್ಟೇ, ಪ್ರಶ್ನೆ ಚಿಹ್ನೆ ಬೆಲೆಗೆ ಮಾತ್ರ. ಟೇಬಲ್ ಹೆಸರು, ಕಾಲಂ ಹೆಸರು, ಆಸೆಂಡಿಂಗ್ ಡಿಸೆಂಡಿಂಗ್ ಯಾವುದೂ ಬೈಂಡ್ ಆಗಲ್ಲ. ನೀನು ಬರೆದಿದ್ದು ಆರ್ಡರ್ ಬೈ 'ಹೆಸರು' ಅಂತ ಕೋಟ್ ಒಳಗಿನ ಒಂದು ಪದದ ಮೇಲೆ ಸಾರ್ಟ್ ಮಾಡು ಅಂದಂಗೆ, ಎಲ್ಲಾ ಸಾಲಿಗೂ ಅದೇ ಪದ, ಏನ್ ಸಾರ್ಟ್ ಮಾಡುತ್ತೆ? ಕೋಡಲ್ಲೇ ಅನುಮತಿ ಇರೋ ಕಾಲಂಗಳ ಪಟ್ಟಿ ಇಟ್ಕೋ, ಬಂದ ಹೆಸರು ಅದರಲ್ಲಿದ್ರೆ ಮಾತ್ರ ಕ್ವೆರಿಗೆ ಸೇರಿಸು. ಬ್ರೌಸರ್‌ನಿಂದ ಬಂದಿದ್ದನ್ನ ಹಂಗೇ ಅಂಟಿಸ್ಬೇಡ.

ಲೈಕ್ (ಪದದ ಒಂದು ಭಾಗ ಕೊಟ್ಟು ಹುಡುಕೋದು) ಬಗ್ಗೆನೂ ಕೇಳೋಕೆ ಮುಂಚೆ ಹೇಳ್ತೀನಿ. ಲೈಕ್ '%?%' ಅಂತ ಬರೆದ್ರೆ ಕೋಟ್ ಒಳಗಿರೋ ಪ್ರಶ್ನೆ ಚಿಹ್ನೆ ಬರೀ ಅಕ್ಷರ. ಲೈಕ್ ? ಅಂತ ಬರೆದು ಪರ್ಸೆಂಟ್ ಚಿಹ್ನೆಗಳನ್ನ ಬೆಲೆಗೆ ಸೇರಿಸಿ ಕಳ್ಸು.

ಚಿಂತಾಮಣಿ_ಕೋಡರ್
ಇದಕ್ಕೇ ಎಲ್ರೂ ಪಿಡಿಒಗೆ (ಪಿಎಚ್‌ಪಿಯಿಂದ ಡೇಟಾಬೇಸ್‌ಗೆ ಹೋಗೋ ಇನ್ನೊಂದು ದಾರಿ) ಬನ್ನಿ ಅನ್ನೋದು, ಐ ಎಸ್ ಡಿ ಅಂತ ಅಕ್ಷರಮಾಲೆ ತಲೆನೋವೇ ಇಲ್ಲ, ಹೆಸರು ಕೊಟ್ಟು ಬೈಂಡ್ ಮಾಡಬಹುದು, :ಲಾಟ್ :ದಿನಾಂಕ ಅಂತ.

ಸೆಮಿಕೋಲನ್
ಪಿಡಿಒ ನಂಗೂ ಇಷ್ಟ, ಆದ್ರೆ ತಲೆನೋವಿಲ್ಲ ಅನ್ಬೇಡಿ. ಮೈಎಸ್‌ಕ್ಯುಎಲ್ ಡ್ರೈವರ್‌ನಲ್ಲಿ ಎಮ್ಯುಲೇಟ್ ಪ್ರಿಪೇರ್ಸ್ ತಾನಾಗೇ ಆನ್ ಇರುತ್ತೆ, ಅಂದ್ರೆ ನಿಜವಾದ ಪ್ರಿಪೇರ್ ಅಲ್ಲ, ಪಿಡಿಒನೇ ಕೋಟ್ ಹಾಕಿ ತುಂಬಿಸಿ ಕಳ್ಸುತ್ತೆ. ಆವಾಗ ಲಿಮಿಟ್ ? (ಎಷ್ಟು ಸಾಲು ಬೇಕು ಅನ್ನೋದು) ಗೆ ಎಕ್ಸಿಕ್ಯೂಟ್‌ನಲ್ಲಿ 10 ಕೊಟ್ರೆ ಲಿಮಿಟ್ '10' ಆಗಿ ಸಿಂಟ್ಯಾಕ್ಸ್ ಎರರ್. ಒಂದೋ ಬೈಂಡ್‌ವ್ಯಾಲ್ಯೂನಲ್ಲಿ ಪ್ಯಾರಮ್_ಇಂಟ್ ಅಂತ ಹೇಳ್ಬೇಕು, ಇಲ್ಲಾ ಎಮ್ಯುಲೇಟ್ ಆಫ್ ಮಾಡ್ಬೇಕು. ಆಫ್ ಮಾಡಿದ್ರೆ ಇನ್ನೊಂದು, ಒಂದೇ ಹೆಸರನ್ನ ಕ್ವೆರಿಯಲ್ಲಿ ಎರಡು ಕಡೆ ಬಳಸಿದ್ರೆ ಎಚ್‌ವೈ093, ಇನ್‌ವ್ಯಾಲಿಡ್ ಪ್ಯಾರಾಮೀಟರ್ ನಂಬರ್.

ಮತ್ತೆ ಬೈಂಡ್‌ಪ್ಯಾರಮ್‌ಗೂ ಬೈಂಡ್‌ವ್ಯಾಲ್ಯೂಗೂ ವ್ಯತ್ಯಾಸ. ಬೈಂಡ್‌ಪ್ಯಾರಮ್ ವೇರಿಯಬಲ್‌ನ ಹಿಡ್ಕೊಳುತ್ತೆ, ಅದರೊಳಗಿನ ಬೆಲೆನಲ್ಲ, ಬೆಲೆ ಓದೋದು ಎಕ್ಸಿಕ್ಯೂಟ್ ಹೊತ್ತಲ್ಲಿ. ಫಾರ್‌ಈಚ್ ಒಳಗೆ ಅದನ್ನ ಹಾಕಿದ್ರೆ ಎಲ್ಲಾ ಜಾಗಕ್ಕೂ ಕೊನೇ ಬೆಲೆನೇ ಹೋಗಿ ಕೂತ್ಕೊಳುತ್ತೆ. ಲೂಪ್‌ನಲ್ಲಿ ಬೈಂಡ್‌ವ್ಯಾಲ್ಯೂ.

ಕೋಟೆ_ಹುಡುಗ
ಅಕ್ಕ ನಿಮ್ಮ ಪೈಥಾನಲ್ಲಿ ಇದ್ಯಾವ್ದೂ ಇಲ್ವಾ?

ಪೈಥಾನಮ್ಮ
ನಮ್ಮಲ್ಲಿ ಕಾಮಾ ಕಾಟ. ಎಸ್‌ಕ್ಯುಎಲೈಟ್‌ಗೆ (ಒಂದು ಚಿಕ್ಕ ಡೇಟಾಬೇಸ್) ಒಂದೇ ಬೆಲೆ ಕೊಡುವಾಗ ಹೊಸಬರು ಬ್ರ್ಯಾಕೆಟ್ ಒಳಗೆ ಬರೀ 'ಕೆ-114' ಅಂತ ಬರೀತಾರೆ, ಕೊನೇಲಿ ಕಾಮಾ ಇಲ್ದೇ ಇದ್ರೆ ಅದು ಟಪಲ್ (ವ್ಯಾಲ್ಯೂಗಳ ಗುಂಪು) ಅಲ್ಲ, ಬರೀ ಸ್ಟ್ರಿಂಗ್. ಅದು ಅಕ್ಷರ ಅಕ್ಷರ ಬಿಡಿಸಿ, ಬೇಕಿರೋದು 1, ಕೊಟ್ಟಿರೋದು 5 ಅಂತ ಎರರ್ ಕೊಡುತ್ತೆ. ಇದರಲ್ಲಿ ಮಜಾ ಏನಂದ್ರೆ ಒಂದೇ ಅಕ್ಷರದ ಬೆಲೆ ಕೊಟ್ರೆ ಕೆಲಸ ಮಾಡ್ಬಿಡುತ್ತೆ, ಟೆಸ್ಟಿಂಗ್‌ನಲ್ಲಿ '7' ಅಂತ ಹಾಕಿ ಪಾಸ್ ಆಗಿ, 10ನೇ ನಂಬರ್ ಬಂದ ದಿನ ಬೀಳುತ್ತೆ.

ಮುಳಬಾಗಿಲು_ಮಂದಿ
ನಂದೊಂದು. ಹೆಸರು ಕನ್ನಡದಲ್ಲಿ ಸೇವ್ ಮಾಡಿದ್ರೆ ಟೇಬಲ್ ಒಳಗೆ ????? ಅಂತ ಕೂತಿದೆ. ಇದು ಬೈಂಡ್ ಆಗ್ದೆ ಉಳಿದಿರೋ ಪ್ರಶ್ನೆ ಚಿಹ್ನೆನಾ?

ಸೆಮಿಕೋಲನ್
ಅಲ್ಲ, ಅದು ಕ್ಯಾರೆಕ್ಟರ್ ಸೆಟ್ (ಯಾವ ಲಿಪಿಯ ಅಕ್ಷರ ಇಡಬಹುದು ಅನ್ನೋ ಸೆಟ್ಟಿಂಗ್). ಕಾಲಂ ಅಥವಾ ಕನೆಕ್ಷನ್ ಲ್ಯಾಟಿನ್1 ಇದ್ರೆ ಕನ್ನಡ ಅದರೊಳಗೆ ಹಿಡಿಯಲ್ಲ, ಹಿಡಿಯದೇ ಇದ್ದದ್ದೆಲ್ಲಾ ? ಆಗುತ್ತೆ. ಟೇಬಲ್ ಯುಟಿಎಫ್8ಎಂಬಿ4 (ಕನ್ನಡನೂ ಹಿಡಿಯೋ ಸೆಟ್) ಮಾಡಿ, ಕನೆಕ್ಟ್ ಆದ ತಕ್ಷಣ ಸೆಟ್_ಕ್ಯಾರ್‌ಸೆಟ್‌ನಲ್ಲೂ ಅದನ್ನೇ ಕೊಡಿ. ಈಗಾಗ್ಲೇ ???? ಆಗಿರೋ ಹೆಸರುಗಳು ಹೋದ್ವು, ಮತ್ತೆ ಟೈಪ್ ಮಾಡ್ಬೇಕು.

ಮುಳಬಾಗಿಲು_ಮಂದಿ
ಎಲ್ಲಾ? 😭

ಬಂಗಾರಪೇಟೆ_ಲೋಕಲ್
ಟೈಪ್ ಮಾಡೋಕೆ ನಾನು ಬರ್ತೀನಿ ಬಿಡು, ಪಾನಿಪುರಿ ನಿಂದು. ನಮ್ಮೂರಿಂದು, ಬಿಳೀ ನೀರಿಂದು, ಬೇರೆ ಕಡೆದು ನಡೆಯಲ್ಲ.

ಮಂಡಿ_ಲೆಕ್ಕ (ಕೋಲಾರ)
ಕೊನೇದೊಂದು ಕೇಳ್ತೀನಿ, ಬೈಬೇಡಿ. ಈಗ ಎಲ್ಲಾ ಕಡೆ ಎಸ್ ಮಾಡ್ತಾ ಬಂದೆ. ಒಂದು ಕ್ವೆರಿ ಇದೆ, ದಲ್ಲಾಳಿ_ಕೋಡ್ = ? ಅಂತ. ಸೀದಾ ರೈತನೇ ತಂದಿದ್ರೆ ಆ ಕೋಡ್ ನಲ್ (ವ್ಯಾಲ್ಯೂನೇ ಇಲ್ಲ ಅನ್ನೋ ಗುರುತು) ಇರುತ್ತೆ. ನಲ್ ಬೈಂಡ್ ಮಾಡಿದ್ರೆ ಆ ಸಾಲುಗಳು ಬರ್ತಿಲ್ಲ. ಮುಂಚೆನೂ ಬರ್ತಿರಲಿಲ್ಲವಂತೆ.

ಹಳೇ_ಜಾವಾ
ಇದು ಬೈಂಡಿಂಗ್ ತಪ್ಪಲ್ಲ ತಮ್ಮ, ಎಸ್‌ಕ್ಯುಎಲ್ ಇರೋದೇ ಹಂಗೆ. ನಲ್ ಯಾವುದಕ್ಕೂ ಸಮ ಅಲ್ಲ, ಇನ್ನೊಂದು ನಲ್‌ಗೂ ಅಲ್ಲ. ಮೈಎಸ್‌ಕ್ಯುಎಲ್‌ನಲ್ಲಿ = ಬದಲು <=> ಅಂತ ಬರಿ, ದಲ್ಲಾಳಿ_ಕೋಡ್ <=> ?, ಆವಾಗ ನಲ್‌ಗೆ ನಲ್ ಹೊಂದುತ್ತೆ, ಬೇರೆ ಬೆಲೆ ಕೊಟ್ರೂ ಮಾಮೂಲಿನಂಗೆ ಹೊಂದುತ್ತೆ. ಮುಂದೆ ಯಾವತ್ತಾದ್ರೂ ಪೋಸ್ಟ್‌ಗ್ರೆಸ್‌ಗೆ ಹೋದ್ರೆ ಅಲ್ಲಿ ಇದು ನಡೆಯಲ್ಲ, ಈಸ್ ನಾಟ್ ಡಿಸ್ಟಿಂಕ್ಟ್ ಫ್ರಮ್ ಅಂತ ಉದ್ದಕ್ಕೆ ಬರೀಬೇಕು. ಖಾಲಿ ಸ್ಟ್ರಿಂಗ್‌ನೂ ನಲ್‌ನೂ ಬೆರೆಸಿಟ್ಟಿದಾರಾ ನೋಡ್ಕೋ, ಫಾರಂನಿಂದ ಬರೋ ಖಾಲಿ ಡಬ್ಬ ನಲ್ ಅಲ್ಲ, ಖಾಲಿ ಸ್ಟ್ರಿಂಗು.

ಮಂಡಿ_ಲೆಕ್ಕ (ಕೋಲಾರ)
ಬೆರೆಸಿಟ್ಟಿದಾರೆ. ಅರ್ಧ ನಲ್, ಅರ್ಧ ಖಾಲಿ. ಬ್ಯಾಕಪ್ ತಗೊಂಡು ಖಾಲಿ ಇರೋದೆಲ್ಲಾ ನಲ್ ಮಾಡ್ತಿದೀನಿ, ಆಮೇಲೆ <=> ಹಾಕ್ತೀನಿ.

ಪೈಥಾನಮ್ಮ
ಅಪ್‌ಡೇಟ್ ಓಡ್ಸೋಕೆ ಮುಂಚೆ ಅದೇ ವೇರ್ ಹಾಕಿ ಸೆಲೆಕ್ಟ್ ಕೌಂಟ್ ನೋಡ್ಕೊಳಿ.